ಮನೆ ನೆನಪಿನ ಹರಾಜು

ಹೆಂಗಸರ ಹಾಸ್ಟೆಲ್, ಎರಡನೆಯ ಮಹಡಿ
ಮಂಗಳವಾರ, ಊಟದ ಹೊತ್ತು

ನಮ್ಮ ಮನೆಯವರಿಗೆ, ಪ್ರೀತಿಯಿಂದ,

ರೀ, ಹೇಗಿದ್ದೀರಿ? ಮಂಡಿನೋವು ಹೇಗಿದೆ? ಡಿಪೋದಲ್ಲಿ ಬಸ್ಸಿನಡಿ ತೂರುವ ಕೆಲಸ ಹುಡುಗರಿಗೆ ಬಿಡಿ ಎಂದಿದ್ದೆ, ನೀವೆಲ್ಲಿ ಬಿಡುತ್ತೀರಿ. ಬಿ.ಪಿ. ಮಾತ್ರೆ ನುಂಗುತ್ತಿದ್ದೀರೋ, ಇಲ್ಲ ಡಬ್ಬಿ ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಿದ್ದೀರೋ? ಸೊಸೆ ಈ ವಯಸ್ಸಿನಲ್ಲಿ ಕಾಲೇಜಿಗೆ ಹೋದಳೆಂದು ಅತ್ತೆ ಬೀದಿಗೆಲ್ಲ ಸಾರಿಯಾಯಿತೇ? ನಾನು ಚೆನ್ನಾಗಿದ್ದೇನೆ. ಶುಕ್ರವಾರ ಫೋನಿನಲ್ಲಿ ಗೋಳೋ ಎಂದವಳು ಹೀಗೆ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ನಿಮ್ಮ ದನಿ ಕೇಳಿದರೆ ನಾನು ಹೇಳಬೇಕಾದ್ದು ಬಿಟ್ಟು ಅಳುತ್ತೇನೆ. ನೀವೂ ಅಷ್ಟಕ್ಕೇ ಕರಗಿ, "ಸಾಕು ಬಾ, ಭಾನುವಾರ ವ್ಯಾನ್ ತಂದು ಕರ್ಕೊಂಡ್ ಬರ್ತೀನಿ" ಎಂದುಬಿಟ್ಟಿರಿ. ಅದಕ್ಕೇ ಈ ಕಾಗದ.

ಅವತ್ತು ಪೂರ್ತಿ ಹೇಳಲಾಗಲಿಲ್ಲ. ಮೊದಲ ದಿನ ಭೂಗೋಳದ ತರಗತಿಗೆ ಕಾಲಿಟ್ಟೆ ನೋಡಿ, ಹುಡುಗರೆಲ್ಲ ಎದ್ದು ನಿಂತರು. ಹಿಂದೆ ಯಾರೋ ಬಂದರೆಂದು ತಿರುಗಿ ನೋಡಿದೆ, ಯಾರೂ ಇಲ್ಲ. ಇಷ್ಟು ವರ್ಷ ಶಿಶುವಿಹಾರದ ಮಕ್ಕಳನ್ನು ಗದರಿಸಿದ ಬಾಯಿ, ತಾನಾಗಿಯೇ "ಕೂತ್ಕೊಳ್ರೋ" ಎಂದಿತು. ಎಲ್ಲರೂ ಕೂತರು. ನಾನು ನೆಟ್ಟಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ತಪಾಸಣೆಗೆ ಬಂದವಳೆಂದುಕೊಂಡು ಎಲ್ಲರೂ ಪುಸ್ತಕ ತೆರೆದಿಟ್ಟುಕೊಂಡರು. ಆಮೇಲೆ ಬಂದ ಮೇಷ್ಟ್ರು ನಮ್ಮ ಮಗನ ವಯಸ್ಸಿನವರು, ಅವರೂ ನನ್ನ ಅಪ್ಪಣೆಗೆ ಕಾದವರಂತೆ ಒಂದು ಗಳಿಗೆ ನಿಂತರು. ನಾನೂ ವಿದ್ಯಾರ್ಥಿನಿ ಎಂದು ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ನಾನು ಹೋದರೆ ಮಾತು ನಿಲ್ಲುತ್ತಿತ್ತು, ನನ್ನ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಓದು, ಈಗ ಬೇಕಿತ್ತಾ ನನಗೆ ಎನ್ನಿಸಿ ನಿಮಗೆ ಫೋನು ಮಾಡಿದೆ.

ಮರುದಿನ ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆಂದು ಒಂದು ಹರಾಜು ಇಟ್ಟಿದ್ದರು. ಸ್ವಾಗತ ಭಾಷಣಕ್ಕೆ ಎಲ್ಲರೂ ತೂಕಡಿಸುತ್ತಾರಂತೆ, ಅದಕ್ಕೆ ಈ ಉಪಾಯ. ಮನೆಯಲ್ಲಿ ಬಿಟ್ಟುಬಂದದ್ದರಲ್ಲಿ ಯಾವುದಿಲ್ಲದೆ ಜೀವ ಒದ್ದಾಡುತ್ತಿದೆಯೋ ಅದನ್ನು ವೇದಿಕೆ ಹತ್ತಿ ಮಾಡಿ ತೋರಿಸಬೇಕು. ಇಲ್ಲಿ ಅದನ್ನು ಯಾರು ಒದಗಿಸುತ್ತೀರಿ ಎಂದು ಕೂಗು. ದುಡ್ಡಿಲ್ಲ, ಬಾಯಿಮಾತಿನದೇ ವ್ಯಾಪಾರ. ಉದ್ದನೆಯ ಹುಡುಗನೊಬ್ಬ, ಅಮ್ಮ ಹೊದಿಕೆ ಎಳೆದು ಬೈದು ಎಬ್ಬಿಸುವುದನ್ನು ಮಾಡಿ ತೋರಿಸಿದ. ಒಬ್ಬ ತಟ್ಟೆ ಬಡಿಯುತ್ತೇನೆಂದ, ಇನ್ನೊಬ್ಬ ನೀರು ಚೆಲ್ಲುತ್ತೇನೆಂದ. ಹರಾಜು ಕೂಗುವ ಹುಡುಗಿ ಡಸ್ಟರ್ ಬಡಿದು ನೀರಿನವನಿಗೇ ಕೊಟ್ಟಳು. ಅತ್ತು ಕಣ್ಣು ಊದಿಸಿಕೊಂಡಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನ್ನ ಸರದಿ ಬಂದಾಗ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮನ್ನೇ ಹರಾಜಿಗಿಟ್ಟೆ. ಬೆಳಿಗ್ಗೆ ನೀವು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ನಾನು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವುದು, ಒಂದೊಂದು ಸುದ್ದಿ ಮುಗಿದಾಗಲೂ ನೀವು "ಕೇಳಿಸ್ತಾ?" ಎನ್ನುವುದು, ಒಂದಕ್ಷರ ಕೇಳಿಸದೆ ನಾನು "ಹೂಂ" ಎನ್ನುವುದು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕೆಮ್ಮಿ, ಮರಣವಾರ್ತೆಯಿಂದಲೇ ಶುರುಮಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎರಡನೆಯ ಸಲ "ಕೇಳಿಸ್ತಾ?" ಎಂದವಳು ಮುಂದಿನ ಸುದ್ದಿ ಬಿಟ್ಟು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ನಿಂತೆ. ಆಗ ಹಿಂದಿನ ಸಾಲಿನಿಂದ "ಹೂಂ" ಎಂದವಳು ನನ್ನ ಪಕ್ಕದ ಕೋಣೆಯ ಹುಡುಗಿ. ದಿನವೂ ಬಾಗಿಲು ಹಾಕಿಕೊಂಡು ಅಳುತ್ತಿದ್ದವಳು. "ನಾನು ಓದ್ತೀನಿ ಆಂಟಿ, ನೀವು ಕೇಳಿಸ್ಕೊಳ್ದೆ ಇದ್ರೂ ಪರವಾಗಿಲ್ಲ" ಎಂದಳು. ಡಸ್ಟರ್ ಅವಳ ಪಾಲಿಗೇ ಬಡಿಯಿತು.

ಅವಳ ಸರದಿಯಲ್ಲಿ ಅವಳಿಗೆ ಅಭಿನಯ ಬರಲಿಲ್ಲ. ಮನೆಗೆ ಬಂದ ಕೂಡಲೇ ಅಜ್ಜಿ ಒಳಗಿನಿಂದ "ಬಂದ್ಯಾ?" ಎನ್ನುತ್ತಾರೆ, ಅಷ್ಟೇ ಸಾಕು ಎಂದಳು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಈಗ ಅವಳ ಚಪ್ಪಲಿಯ ಸದ್ದಾದರೆ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ "ಬಂದ್ಯಾ?" ಎನ್ನುತ್ತೇನೆ. ತಿಂಡಿಯ ಹೊತ್ತಿಗೆ, ಹುಡುಗರ ಹಾಸ್ಟೆಲಿಗೂ ನಮಗೂ ಒಂದೇ ಆದ ಮೆಸ್ಸಿನಲ್ಲಿ, ಅವಳು ಪತ್ರಿಕೆ ಓದುತ್ತಾಳೆ. ನಿಮ್ಮ ಹಾಗಲ್ಲ ಅವಳು, ಹೂಂ ಅಂದರೆ ಬಿಡುವುದಿಲ್ಲ, ಏನು ಓದಿದೆ ಹೇಳಿ ಎನ್ನುತ್ತಾಳೆ. ಉದ್ದನೆಯ ಹುಡುಗ ಒದ್ದೆ ತಲೆಯಲ್ಲೇ ಬಂದು ನಮ್ಮ ಮೇಜಿಗೆ ಕೂರುತ್ತಾನೆ. ಸುದ್ದಿಯೆಲ್ಲ ಈಗ ಚೆನ್ನಾಗಿ ಕಿವಿಗೆ ಬೀಳುತ್ತದೆ, ಆದರೆ ನೀವು ಬೇಕು ಅನ್ನಿಸಿ ತುತ್ತು ಇಳಿಯುವುದಿಲ್ಲ. ಇಲ್ಲಿರುವ ಆಸೆಯೂ ಇದೆ, ನಿಮ್ಮ ಹತ್ತಿರ ಓಡಿಬರುವ ಆಸೆಯೂ ಇದೆ, ಎರಡೂ ಒಂದೇ ಸಮ ಜಗ್ಗುತ್ತವೆ.

ಅತ್ತೆಯ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸಿ. ಮಗನಿಗೆ ನೂರು ಆಶೀರ್ವಾದ, ಶರ್ಟು ಮಾತ್ರ ಅವನೇ ಒಗೆದುಕೊಳ್ಳಲಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳು,
ಮೊದಲ ವರ್ಷ, ಕೊನೆಯ ಬೆಂಚು

ತಾ.ಕ.: ಭಾನುವಾರಕ್ಕೆ ಮೈದುನನ ವ್ಯಾನು ಕೇಳಬೇಡಿ. ನನ್ನ ಸಾಮಾನು ಇಲ್ಲೇ ಇರಲಿ, ನೀವೊಬ್ಬರೇ ಬಸ್ಸಿನಲ್ಲಿ ಬನ್ನಿ, ಬರದೆ ಇರಬೇಡಿ. ಸಂಜೆಯವರೆಗೂ ಇರಿ. ಹೊರಡುವಾಗ ನಾನು ನಿಮ್ಮ ತೋಳು ಹಿಡಿದು ನಾನೂ ಬರ್ತೀನಿ ಅಂದೇ ಅಂತೀನಿ, ಆಗ ಕೈ ಬಿಡಿಸಿಕೊಂಡು ಬಸ್ಸು ಹತ್ತಿಬಿಡಿ.