ಹೇಳದ ಹೆಸರು

ಮನೆಯಿಂದ, ಮಾರ್ಚ್ ೧೪, ಗುರುವಾರ ಸಂಜೆ

ನನ್ನವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ನೆಲದ ಮೇಲೆ ಮಲಗಬೇಡಿ ಎಂದರೆ ಜೈಲಿನವರು ನಕ್ಕಾರು. ಕಂಬಳಿಯನ್ನಾದರೂ ಮಡಚಿ ಸೊಂಟದ ಕೆಳಗೆ ಇಟ್ಟುಕೊಳ್ಳಿ. ಕಾಗದವನ್ನು ಅಂಚೆಗೆ ಹಾಕಿದರೆ ನಿಮಗಿಂತ ಮೊದಲು ಇನ್ಯಾರೋ ಓದುತ್ತಾರಂತೆ, ಅದಕ್ಕೇ ಈ ಸಲ ವಕೀಲರ ಕೈಯಲ್ಲೇ ಕಳಿಸುತ್ತಿದ್ದೇನೆ.

ತೀರ್ಪಿನ ಪ್ರತಿಯನ್ನು ಅಂತೂ ಓದಿ ಮುಗಿಸಿದೆ. ನಲವತ್ತೆರಡು ಪುಟ. ನಮ್ಮ ಕನ್ನಡಕದಂಗಡಿಯಲ್ಲಿ ಗಿರಾಕಿ ಇಲ್ಲದಾಗ ಒಂದೊಂದೇ ಪುಟ ಓದಿದೆ. ಮಕ್ಕಳ ಕೆಮ್ಮಿನ ಔಷಧಿಯ ಪರೀಕ್ಷಾ ವರದಿ ತಮ್ಮ ವ್ಯಾಪಾರ ರಹಸ್ಯ, ತಮ್ಮ ಆಸ್ತಿ ಎಂದು ಕಂಪನಿಯವರು ವಾದಿಸಿದ್ದಾರೆ. ಸೀಸೆ ಅವರದು, ವರದಿ ಅವರದು. ಕುಡಿದು ಕಾಯಿಲೆ ಬಿದ್ದ ಮಗು ಮಾತ್ರ ತಾಯಿಯದು! ನ್ಯಾಯಾಧೀಶರು ಅದನ್ನು ಒಪ್ಪಿಲ್ಲ, ನೀವು ಪತ್ರಿಕೆಯಲ್ಲಿ ಬರೆದದ್ದು ತಪ್ಪಲ್ಲ ಎಂದಿದ್ದಾರೆ. ಅಲ್ಲಿಯವರೆಗೆ ನೀವು ಗೆದ್ದಿರಿ. ಆಮೇಲೆ, ಆ ವರದಿ ಕೊಟ್ಟವರು ಯಾರೆಂದು ಕೋರ್ಟು ಕೇಳಿದಾಗ ಬಾಯಿ ಮುಚ್ಚಿಕೊಂಡಿರುವ ಹಕ್ಕು ಪತ್ರಕರ್ತನಿಗಿಲ್ಲ ಎಂದಿದ್ದಾರೆ. ಹೆಸರು ಹೇಳುವ ತನಕ ಸೆರೆ, ಹೇಳದಿದ್ದರೆ ಆರು ತಿಂಗಳು. ಬರೆದದ್ದಕ್ಕೆ ಶಹಬ್ಬಾಸ್, ಸುಮ್ಮನಿದ್ದದ್ದಕ್ಕೆ ಬೀಗ. ಇದನ್ನು ಯಾವ ನಂಬರಿನ ಕನ್ನಡಕ ಹಾಕಿ ಓದಬೇಕೋ ನನಗಂತೂ ತಿಳಿಯಲಿಲ್ಲ.

ನಿಮ್ಮ ಅಂಕಣದ ಜಾಗದಲ್ಲಿ ಈಗ ಹಾಸಿಗೆಯ ಜಾಹೀರಾತು ಬರುತ್ತಿದೆ. ಮಹಡಿ ಮನೆಯವರು ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಏನೋ ಮರೆತವರಂತೆ ವಾಪಸು ಹತ್ತುತ್ತಾರೆ. ಮೊನ್ನೆ ಸ್ನಾನಕ್ಕೆ ಹೋದಾಗ ಗಮನಿಸಿದೆ, ಬಚ್ಚಲ ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಮನೆಯಲ್ಲಿ ಬೇರೆ ಯಾರಿದ್ದಾರೆಂದು ಹಾಕಿಕೊಳ್ಳಲಿ? ಭಾನುವಾರವಿಡೀ ಒಂದು ಮಾತೂ ಆಡಿರಲಿಲ್ಲ. ಸೋಮವಾರ ಮೊದಲ ಗಿರಾಕಿಗೆ "ಬನ್ನಿ" ಎನ್ನಲು ಹೋದರೆ ಗಂಟಲೇ ಕಟ್ಟಿತ್ತು. ಬಾಯಿಬಡುಕಿ ಎಂದು ರೇಗಿಸುತ್ತಿದ್ದಿರಲ್ಲ, ಈಗ ಬಂದು ನೋಡಿ.

ಕೋರ್ಟಿನ ಮೊಗಸಾಲೆಯಲ್ಲಿ ನಿಮ್ಮನ್ನು ಕರೆದೊಯ್ಯುವಾಗ ಎಲ್ಲರೆದುರು ಕೂಗಿದ್ದೆ: "ಒಂದು ಹೆಸರು ಹೇಳೋದಕ್ಕೆ ನಿಮಗೇನ್ರೀ ಕಷ್ಟ? ಅವರ್ಯಾರೋ ನಮಗೇನು ನೆಂಟರಾ?" ನೀವು ನನ್ನ ಸೆರಗು ಸರಿಮಾಡಿ ಹೊರಟುಹೋದಿರಿ. ಎರಡು ತಿಂಗಳಿಂದ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಲಗಿದ್ದೇನೆ. ಸುಳ್ಳೇಕೆ ಹೇಳಲಿ?

ಅತ್ತೆ ಫೋನಿನಲ್ಲಿ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ನನ್ನದೂ ಅದೇ ಮಾತು.

ಇಂತಿ,
ನಿಮ್ಮ ಬಾಯಿಬಡುಕಿ

ತಾ.ಕ.: ವಕೀಲರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಮಂಗಳವಾರ ಅಂಗಡಿಗೆ ಒಬ್ಬರು ಬಂದು ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದರು. ಸಡಿಲವಾಗಿರಲಿಲ್ಲ. "ಆ ವರದಿ ಕೊಟ್ಟಿದ್ದು ನಾನೇ ಅಕ್ಕಾ. ಕೋರ್ಟಿಗೆ ಹೋಗಿ ಹೇಳ್ಬಿಡ್ಲಾ? ನಿಮ್ಮ ಯಜಮಾನ್ರು ಮನೆಗೆ ಬರ್ತಾರೆ," ಎಂದರು. ಕತ್ತಿನಲ್ಲಿ ಕಂಪನಿಯ ಗುರುತುಚೀಟಿಯ ದಾರ. ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ನೀವು ಇಲ್ಲಿರುತ್ತಿದ್ದಿರಿ. ನಾನು ಸ್ಕ್ರೂ ತಿರುಗಿಸಿದಂತೆ ಮಾಡಿ ಕನ್ನಡಕವನ್ನು ಅವರ ಮುಖಕ್ಕೆ ಹಾಕಿದೆ. "ಸರಿಯಾಗಿದೆ, ನೆಟ್ಟಗೆ ಮನೆಗೆ ಹೋಗಿ," ಎಂದೆ. ಹೆಸರು ಕೇಳಲಿಲ್ಲ. ಇನ್ನು ಉಳಿದ ನಾಲ್ಕು ತಿಂಗಳಿಗೆ ಕಾರಣ ನಾನು ಕಣ್ರೀ, ಕೋರ್ಟಲ್ಲ.