ಹೊರಗೆ ಕೂತವರದೂ ಅದೇ ಕೇಸು

ನ್ಯೂ ಟೌನ್, ಭದ್ರಾವತಿ
20-11-2024, ಬುಧವಾರ

ಚಿ. ಜ್ಞಾನೇಶನಿಗೆ ಅಮ್ಮ ಮಾಡುವ ಆಶೀರ್ವಾದ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬೇಜಾರು ಮಾಡಿಕೊಳ್ಳುವ ಸರದಿ ಸದ್ಯಕ್ಕೆ ನಿನ್ನದಲ್ಲ. ಫೋನು ಮಾಡಿದರೆ ಮಾತಿನ ನಡುವೆ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕುವುದಾದರೂ ಓದಿಯೇ ಹರಿಯಬೇಕು. ನಮ್ಮ ಮೆಸ್ಸಿಗೆ ತರಕಾರಿ ತರುವ ಸಿದ್ದು ಇವತ್ತು ಸಂಜೆ ಕುಂಸಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಜೊತೆಗಿರುವ ಚಟ್ನಿಪುಡಿ ಸುಮನಾ ಚಿಕ್ಕಮ್ಮನಿಗೆ. ನಿನಗೆ ಎಂದು ಕಳಿಸಿಲ್ಲ, ಆದರೂ ತಿನ್ನುತ್ತೀಯ ಎಂದು ಗೊತ್ತು.

ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ನನ್ನ ಮಂಡಿನೋವು ಹೋದ ತಿಂಗಳಿದ್ದಷ್ಟೇ ಇದೆ, ಮೆಸ್ಸಿಗೆ ಅರ್ಧ ಜನ ಬರುತ್ತಿದ್ದಾರೆ. ಕ್ಷೇಮ ಅಲ್ಲಿಗೆ ಮುಗಿಯಿತು. ಕಾಂತರಾಜನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ತಲೆಬುರುಡೆ ಒಡೆದು ಒಳಗೆ ರಕ್ತ ಹೆಪ್ಪುಗಟ್ಟಿತ್ತಂತೆ, ತೆಗೆದಿದ್ದಾರೆ. ಬಾಯೊಳಗೆ ಕೊಳವೆ ಹಾಕಿ ಉಸಿರಾಡಿಸುತ್ತಿದ್ದಾರೆ. ನಾನು ಎರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಅವನ ತಾಯಿ ಸತ್ಯಭಾಮಾಳಿಗೆ ಊಟ ಕೊಟ್ಟು ಬಂದೆ. ಮೊದಲನೇ ಸಲ ಅವಳು ನನ್ನ ಕೈ ಹಿಡಿದುಕೊಂಡು, "ಸುಭದ್ರಕ್ಕಾ, ನನ್ನ ಮಗ ಏನು ಪಾಪ ಮಾಡಿದ್ದ ಅಂತ ಆ ಗ್ಯಾರೇಜಿನ ಹುಡುಗ ಹೊಡ್ದ? ಅವನ ಕೈಗೆ ಹುಳ ಬೀಳ್ಲಿ" ಎಂದಳು. ನಾನು ತುತ್ತು ಕಲಸಿ ಕೊಡುತ್ತಿದ್ದೆ. ತಾನು ಶಾಪ ಹಾಕುತ್ತಿರುವುದು ನಿನ್ನ ಕೈಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಲಸುತ್ತಿದ್ದ ನನ್ನ ಕೈ ನಿಂತುಹೋಯಿತು ಕಣೋ.

ನೀನು ಮಾಡಿದ್ದನ್ನು ನಿನಗೇ ಹೇಳುವುದು ವಿಚಿತ್ರ. ಆದರೆ ಮಲಗಿ ಎದ್ದು ಮಲಗಿ ಎದ್ದು ನಿನ್ನ ಮನಸ್ಸಿನಲ್ಲಿ ಅದು ಈಗ ಬೇರೆ ಆಕಾರ ತಾಳಿರಬಹುದು. ಆದ್ದರಿಂದ ನಾನು ಕಂಡ ಹಾಗೆ ಬರೆಯುತ್ತೇನೆ. ಆವತ್ತು ಹತ್ತನೇ ತಾರೀಕು, ಭಾನುವಾರ ಮಧ್ಯಾಹ್ನ. ಊಟದವರೆಲ್ಲ ಹೋಗಿದ್ದರು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಎದುರಿನ ಲತೀಫನ ಗ್ಯಾರೇಜಿನ ಮುಂದೆ ನೀನೂ ಕಾಂತರಾಜನೂ ಜಗಳಕ್ಕೆ ನಿಂತಿದ್ದಿರಿ. ಕಬಡ್ಡಿ ಟೀಮಿನಿಂದ ನಿನ್ನನ್ನು ತೆಗೆದಿದ್ದ. "ನಿಂಗ್ಯಾಕೋ ಮಾರಾಯ ಆಟ, ಹೋಗಿ ಅಮ್ಮನ ಮೆಸ್ಸಲ್ಲಿ ತಟ್ಟೆ ತೊಳಿ" ಎಂದು ನಕ್ಕ. ತಟ್ಟೆ ತೊಳೆಯುವುದು ಅಷ್ಟು ದೊಡ್ಡ ಬೈಗುಳ ಎಂದು ನನಗೆ ಆವತ್ತೇ ತಿಳಿದದ್ದು. ಅವನು ತನ್ನ ಬೈಕಿನ ಕಡೆ ತಿರುಗಿದ. ನೀನು ಅಲ್ಲಿ ಬಿದ್ದಿದ್ದ, ಚಕ್ರ ಬಿಚ್ಚುವ ವೀಲ್ ಸ್ಪ್ಯಾನರ್ ಎತ್ತಿಕೊಂಡು ಹಿಂದಿನಿಂದ ಹೊಡೆದೆ. ತೆಂಗಿನಕಾಯಿ ಒಡೆದ ಸದ್ದು. ಅವನು ಮಂಡಿಯೂರಿದ. ಮತ್ತೆ ಹೊಡೆದೆ. ಮಗುಚಿ ಬಿದ್ದ. ಬಿದ್ದವನಿಗೆ ಇನ್ನೊಂದು ಹೊಡೆದೆ. ಮೂರೂ ನಾನು ಮೆಸ್ಸಿನ ಕಿಟಕಿಯಿಂದ ನೋಡಿದೆ.

ನೀನು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಪಾತ್ರೆ ತೊಳೆಯುವ ನಲ್ಲಿಯಲ್ಲಿ ಕೈ ತೊಳೆದುಕೊಂಡೆ. "ನಂಗೇನೂ ಆಗ್ಬಾರ್ದು ಅಮ್ಮ" ಎಂದೆ. ನಿನ್ನ ಬೈಕು ಹತ್ತಿ ಕುಂಸಿಗೆ ಚಿಕ್ಕಮ್ಮನ ಮನೆಗೆ ಹೋದೆ. ಅವನಿಗೆ ಏನಾಯಿತು ಎಂದು ಆವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಕೇಳಿಲ್ಲ.

ಲತೀಫನ ಮಗ ಮುಬಶ್ಶಿರ್ ಗ್ಯಾರೇಜಿನ ಒಳಗಡೆ ಯಾವುದೋ ವ್ಯಾನಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. ಸದ್ದು ಕೇಳಿ ಹೊರಬರುವಷ್ಟರಲ್ಲಿ ನೀನಿರಲಿಲ್ಲ. ತನ್ನ ಅಂಗಿ ಬಿಚ್ಚಿ ಕಾಂತರಾಜನ ತಲೆಗೆ ಕಟ್ಟಿದ, ಆಟೋ ನಿಲ್ಲಿಸಿದ, ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ಅಲ್ಲೇ ಅವನನ್ನು ಹಿಡಿದರು. ಮೈತುಂಬ ರಕ್ತ, ಸ್ಪ್ಯಾನರ್ ಅವನ ಗ್ಯಾರೇಜಿನದು, ಹೆಸರು ಮುಬಶ್ಶಿರ್. ಪೊಲೀಸರಿಗೆ ಇನ್ನೇನು ಬೇಕು? ಸೋಮವಾರ ಸಂಜೆ ಮುಖಕ್ಕೆ ಕರ್ಚೀಫು ಕಟ್ಟಿಕೊಂಡ ಒಂದಷ್ಟು ಹುಡುಗರು ಗ್ಯಾರೇಜಿಗೆ ಕಲ್ಲು ಹೊಡೆದರು. ಅಡ್ಡ ಬಂದ ಅವನ ತಾಯಿ ನಸೀಮಾಳ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಹೆತ್ತವಳು, ಬಾಗಿಲು ಬಿಟ್ಟು ಕದಲಲಿಲ್ಲ. ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ನಿನ್ನ ಸ್ಟೇಟಸ್ ಬಂತು, ಕಾಂತರಾಜನ ಫೋಟೋ, ಕೆಳಗೆ "ನ್ಯಾಯ ಸಿಗಲೇಬೇಕು." ನಿನಗೆ ನಾಚಿಕೆ ಎನ್ನುವುದು ಎಲ್ಲಿ ಸತ್ತು ಬಿದ್ದಿದೆ?

ಆದರೂ, ಸುಳ್ಳು ಬರೆಯುವುದಿಲ್ಲ, ಮಂಗಳವಾರ ಬೆಳಿಗ್ಗೆ ನಾನು ವಕೀಲರನ್ನು ಹಿಡಿಯಲು ಶಿವಮೊಗ್ಗಕ್ಕೆ ಹೋದದ್ದು ನಿನಗೋಸ್ಕರವೇ. ಮುಬಶ್ಶಿರನಿಗೋಸ್ಕರ ಅಲ್ಲ. ನಾಳೆ ಪೊಲೀಸರು ನಿನ್ನ ಕಡೆ ತಿರುಗಿದರೆ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಸ್ಟೇಷನ್ನಿನಲ್ಲಿ ಏಟು ತಿಂದವರ ಪರ ಪೊಲೀಸರ ಮೇಲೆಯೇ ಕೇಸು ಹಾಕುವ ರಶ್ಮಿ ಎನ್ನುವ ವಕೀಲರಿದ್ದಾರೆ, ಅವರಿಗೆ ಯಾರ ಹೆದರಿಕೆಯೂ ಇಲ್ಲ ಎಂದು ಮೆಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವುದನ್ನು ಹಿಂದೆ ಕೇಳಿದ್ದೆ. ಕೋರ್ಟಿನ ಹತ್ತಿರ ಒಂದು ಮಹಡಿಯ ಮೇಲೆ ಅವರ ಆಫೀಸು. ಕಿಟಕಿಯ ಗಾಜು ಯಾರೋ ಒಡೆದಿದ್ದರು, ರಟ್ಟು ಅಂಟಿಸಿದ್ದರು. ಮೊದಲು ಹೋದವಳು ನಾನೇ. ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದವರು ಲತೀಫ್ ಮತ್ತು ನಸೀಮಾ. ನಸೀಮಾಳ ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ನನ್ನನ್ನು ಕಂಡು, "ಅಕ್ಕಾ, ನೀವೂ ನಮ್ಗಾಗಿ ಬಂದ್ರಾ?" ಎಂದು ಕೈ ಮುಗಿದಳು. ನಾನು ತಲೆ ತಗ್ಗಿಸಿ ಒಳಗೆ ಹೋದೆ.

ರಶ್ಮಿ ಮೇಡಂ ನಲವತ್ತರ ಆಸುಪಾಸಿನವರು, ಕಡಲೆಕಾಯಿ ಸುಲಿದು ತಿನ್ನುತ್ತ ಕೂತಿದ್ದರು. ನಾನು ಕೂರುವ ಮೊದಲೇ ಕೈ ಅಡ್ಡ ಹಿಡಿದರು.

"ವಿವರ ಬೇಡ ಅಮ್ಮ. ಯಾವ ಕೇಸು ಅಂತ ಮಾತ್ರ ಹೇಳಿ."

"ಭದ್ರಾವತಿ ಗ್ಯಾರೇಜಿನ ಹತ್ರ ಹುಡುಗನಿಗೆ ಹೊಡೆದ್ರಲ್ಲ, ಅದು."

ಅವರು ಕಡಲೆಕಾಯಿ ಬದಿಗಿಟ್ಟರು. "ಹೊರಗೆ ಕೂತಿರೋರದ್ದೂ ಅದೇ ಕೇಸು. ಬೆಳಿಗ್ಗೆ ಫೋನ್ ಮಾಡಿದ್ರು. ಮೂರು ಜನ ವಕೀಲರು ಆಗಲ್ಲ ಅಂತ ಕಳಿಸಿದಾರಂತೆ. ನೀವೂ ಅವರೂ ಒಂದೇ ಕಡೆಯವರಾ?"

ನಾನು ಅಲ್ಲ ಎಂದು ತಲೆಯಾಡಿಸಿದೆ.

"ಹಾಗಿದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ನಿಮ್ಮ ಗುಟ್ಟು ಒಂದ್ಸಲ ನನ್ನ ಕಿವಿಗೆ ಬಿತ್ತು ಅಂದ್ರೆ ನಾನು ಅವರಿಗೆ ನಿಲ್ಲೋ ಹಾಗಿಲ್ಲ. ಅವರದ್ದು ಕೇಳಿದ್ರೆ ನಿಮಗೆ ನಿಲ್ಲೋ ಹಾಗಿಲ್ಲ. ಮೊದಲು ಬಂದಿರೋದು ನೀವು. ಬಾಯಿ ತೆಗೆಯೋ ಮೊದಲು ಯೋಚ್ನೆ ಮಾಡಿ."

ಜ್ಞಾನೇಶ, ನಿನ್ನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದೊಂದನ್ನು ಹೇಳಿದ್ದರೆ ಸಾಕಿತ್ತು, ಜಿಲ್ಲೆಯಲ್ಲೇ ಗಟ್ಟಿ ವಕೀಲೆ ನಿನ್ನವರಾಗುತ್ತಿದ್ದರು, ಮುಬಶ್ಶಿರನಿಗೆ ಯಾರೂ ಇರುತ್ತಿರಲಿಲ್ಲ. ಅವನನ್ನು ಒಳಗೆ ಹಾಕಿ ಬಾಗಿಲು ಜಡಿಯುವುದಕ್ಕೆ ನಾನು ಬಾಯಿ ತೆರೆದರೆ ಸಾಕಾಗಿತ್ತು. ನಾನು ಬಾಯಿ ತೆರೆದೆ ಕೂಡ. ಆಗ ಹೊರಗೆ ನಸೀಮಾ ಕೆಮ್ಮಿದಳು. ಅಷ್ಟೇ, ಬೇರೇನೂ ಆಗಲಿಲ್ಲ. ನಾನು ಎದ್ದು ಬಾಗಿಲು ತೆಗೆದು, "ಲತೀಫಣ್ಣ, ನೀವು ಒಳಗೆ ಹೋಗಿ" ಎಂದೆ. ಮೆಟ್ಟಿಲಿಳಿದು ಬೀದಿಗೆ ಬಂದು ಗೋಡೆ ಹಿಡಿದು ಅತ್ತೆ. ಒಳ್ಳೆಯ ಕೆಲಸ ಮಾಡಿದೆ ಎಂದು ಅಲ್ಲ, ನಿನ್ನ ವಕೀಲರನ್ನು ಬಿಟ್ಟುಕೊಟ್ಟೆ ಎಂದು.

ಆದರೂ ಸಾಕ್ಷಿ ಹೇಳುವ ಧೈರ್ಯ ಬಂದಿರಲಿಲ್ಲ. ವಕೀಲರನ್ನು ಬಿಟ್ಟುಕೊಟ್ಟೆನಲ್ಲ, ನನ್ನ ಪಾಲಿನದು ಮುಗಿಯಿತು ಎಂದು ಸಮಾಧಾನ ಹೇಳಿಕೊಂಡೆ. ಪೊಲೀಸರು ಮುಬಶ್ಶಿರನನ್ನು ಒಮ್ಮೆ ಕೋರ್ಟಿಗೆ ತೋರಿಸಿ, ಅಪ್ಪಣೆ ಪಡೆದು, ವಿಚಾರಣೆಗೆಂದು ತಮ್ಮ ವಶದಲ್ಲೇ ಇಟ್ಟುಕೊಂಡಿದ್ದರು. ಗುರುವಾರ ಮತ್ತೆ ಭದ್ರಾವತಿ ಕೋರ್ಟಿಗೆ ತಂದಾಗ ನಾನೂ ಹೋದೆ. ಯಾಕೆ ಹೋದೆ ಎಂದು ಕೇಳಬೇಡ, ಮನೆಯಲ್ಲಿ ಕೂರಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈಹಾಕಿ ಅವನನ್ನು ಎತ್ತಿ ತಂದರು. ಬಾತ್‌ರೂಮಿನಲ್ಲಿ ಜಾರಿ ಬಿದ್ದ ಎಂದರು. ರಶ್ಮಿ ಮೇಡಂ ಎದ್ದು ನಿಂತು, ಸ್ವಾಮಿ, ಇವನ ಅಂಗಿ ತೆಗೆಸಿ, ಅಂಗಾಲು ನೋಡಿ, ಎಂದು ನ್ಯಾಯಾಧೀಶರನ್ನು ಬಿಡದೆ ಕೇಳಿಕೊಂಡರು. ಬೆನ್ನಿನ ಮೇಲೆ ಬೆರಳು ಇಡಲು ಜಾಗವಿರಲಿಲ್ಲ. ಅಂಗಾಲು ಕರ್ರಗೆ ಊದಿ ಒಡೆದಿತ್ತು. ಬಲಗೈಯ ಎರಡು ಉಗುರು ಇರಲಿಲ್ಲ. ಲತೀಫ್ ಅಲ್ಲೇ ಕುಸಿದ. ನ್ಯಾಯಾಧೀಶರು ಎಲ್ಲ ಬರೆಸಿಕೊಂಡು, ಅವನನ್ನು ಡಾಕ್ಟರಿಗೆ ತೋರಿಸಿ ಎಂದು ಹೇಳಿ ಪೊಲೀಸರ ಕೈಯಿಂದ ಬಿಡಿಸಿ ಜೈಲಿಗೆ ಕಳಿಸಿದರು. ಜೈಲಿಗೆ ಹೋಗುವುದೇ ಬಿಡುಗಡೆಯಂತೆ ಕಂಡಿತು, ನೋಡು.

ಹೊರಗೆ ಕರೆದೊಯ್ಯುವಾಗ ಅವನು ನನ್ನನ್ನು ನೋಡಿದ. ತುಟಿ ಒಡೆದು ಮಾತು ತೊದಲುತ್ತಿತ್ತು. "ಅಮ್ಮಾ, ಕಾಂತಣ್ಣ ಹೆಂಗಿದಾನೆ? ಉಳೀತಾನಾ?" ಎಂದು ಕೇಳಿದ.

ಅಲ್ಲಿಗೆ ನನ್ನದು ಮುಗಿಯಿತು. ಅಲ್ಲೇ ರಶ್ಮಿ ಮೇಡಂ ಹತ್ತಿರ ಹೋಗಿ, "ಇವನಲ್ಲ. ನಾನು ಕಿಟಕಿಯಿಂದ ನೋಡಿದೀನಿ" ಎಂದೆ. ಪಕ್ಕದಲ್ಲಿದ್ದ ಲತೀಫ್, ಮತ್ತೆ ಯಾರು, ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡು ಅತ್ತ ತಿರುಗಿದ. ಕೂಗಾಡಿದ್ದರೆ ಚೆನ್ನಾಗಿತ್ತು. ವಕೀಲರ ಫೀಸು ನಾನೇ ಕೊಡುತ್ತೇನೆ ಎಂದಾಗ ರಶ್ಮಿ ಮೇಡಂ ಸಿಟ್ಟಾದರು. "ಸಾಕ್ಷಿ ಹೇಳೋರ ದುಡ್ಡು ಮುಟ್ಟಿದ್ರೆ ನಿಮ್ಮ ಸಾಕ್ಷಿಗೆ ಕಿಮ್ಮತ್ತೇ ಇರಲ್ಲ. ನೀವು ನನಗೆ ಒಂದು ಲೋಟ ಟೀನೂ ಕುಡಿಸ್ಬಾರ್ದು. ನಿಜ ಹೇಳಿ, ಸಾಕು" ಎಂದರು. ಸ್ಟೇಷನ್ನಿನಲ್ಲಿ ನನ್ನ ಮಾತು ಬರೆದುಕೊಳ್ಳಲಿಲ್ಲ. ವಯಸ್ಸಾಗಿದೆ, ಕಣ್ಣು ಕಾಣಲ್ಲ, ಮನೆಗೆ ಹೋಗಮ್ಮ ಎಂದರು. ಮೇಡಂ ಕೋರ್ಟಿಗೆ ಅರ್ಜಿ ಹಾಕಿದರು. ನಾಳೆ ಹನ್ನೊಂದು ಗಂಟೆಗೆ ನ್ಯಾಯಾಧೀಶರೇ ನನ್ನ ಹೇಳಿಕೆ ಕೇಳುತ್ತಾರೆ. ಅಲ್ಲಿ ನಾನು ನಿನ್ನ ಹೆಸರು ಹೇಳುತ್ತೇನೆ.

ನಿಮ್ಮಪ್ಪ ಇದ್ದಾಗ ಎಷ್ಟು ಹೊಡೆದರೂ ನಾನು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ, ನಿನಗೆ ಗೊತ್ತು. ಈಗ ಬಿಡುತ್ತಿದ್ದೇನೆ, ಅದೂ ನಿನ್ನ ಮೇಲೆ. ಇಷ್ಟಾದರೂ ನೀನು ನನ್ನ ಮಗ ಅಲ್ಲ ಎಂದು ಹೇಳಲು ಬರುತ್ತಿಲ್ಲ ಕಣೋ. ನಾಳೆ ಹನ್ನೊಂದರ ಒಳಗೆ ಬಂದರೆ ತಾನಾಗಿ ಬಂದವನು ಎನ್ನಿಸಿಕೊಳ್ಳುತ್ತೀಯ, ಆಮೇಲೆ ಬಂದರೆ ಹಿಡಿದು ತಂದವನು. ನಿನಗೆ ಓಂಕಾರಪ್ಪ ಎನ್ನುವ ವಕೀಲರನ್ನು ನೋಡಿದ್ದೇನೆ. ರಶ್ಮಿಯವರಷ್ಟು ಚುರುಕಲ್ಲ, ಮಾತು ನಿಧಾನ, ಆದರೆ ಸ್ಟೇಷನ್ನಿಗೆ ಜೊತೆಯಲ್ಲಿ ಬಂದು ಕೂರುತ್ತೇನೆ ಎಂದಿದ್ದಾರೆ. ಭದ್ರಾವತಿ ಕೋರ್ಟಿನ ಗೇಟಿನಲ್ಲಿ ಕಾಯುತ್ತಿರುತ್ತಾರೆ. ಬೈಕು ಅಲ್ಲೇ ಬಿಟ್ಟು ಬೆಳಗಿನ ಮೊದಲ ಬಸ್ಸಿಗೇ ಹೊರಡು. ಚಿಕ್ಕಮ್ಮನಿಗೆ ಎಲ್ಲ ಹೇಳಿ, ತಿಂಡಿ ತಿಂದು ಬಾ.

ನಿನ್ನ ಅಂಗಾಲಿಗೆ ಲಾಠಿ ತಾಕದಿರಲಿ. ನಿನ್ನ ಉಗುರು ನಿನ್ನ ಬೆರಳಲ್ಲೇ ಇರಲಿ. ಕಾಂತರಾಜ ಕಣ್ಣು ಬಿಡಲಿ. ಈ ಹೊತ್ತಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ.

ಇಂತಿ ನಿನ್ನ ಅಮ್ಮ,
ಸುಭದ್ರಮ್ಮ

ಮತ್ತೆ: ಬರೆಯಬಾರದು ಎಂದುಕೊಂಡಿದ್ದೆ, ಬರೆಯದೆ ಅಂಟು ಹಾಕಲಾಗುತ್ತಿಲ್ಲ. ಹೊಡೆದದ್ದಕ್ಕೆ ಕೋರ್ಟಿದೆ, ಅದು ನೋಡಿಕೊಳ್ಳುತ್ತದೆ. ನನ್ನ ಸಂಕಟ ಬೇರೆ. ಎರಡು ಏಟು ಸಿಟ್ಟಿನಲ್ಲಿ ಬಿದ್ದವು ಎಂದು ನಾಳೆ ಆಣೆ ಮಾಡಿ ಹೇಳಬಲ್ಲೆ. ಆಮೇಲೆ ನೀನು ನಿಂತೆ. ಯಾರಾದರೂ ನೋಡಿದರೇ ಎಂದು ಸುತ್ತ ತಿರುಗಿದೆ. ಕಿಟಕಿಯಲ್ಲಿ ನನ್ನನ್ನು ಕಂಡೆ. ನಾನು ಬೇಡ ಎಂದು ತಲೆಯಾಡಿಸಿದೆ, ಅದನ್ನೂ ನೀನು ಕಂಡೆ. ಬೇರೆ ಯಾರೇ ನಿಂತಿದ್ದರೂ ಸ್ಪ್ಯಾನರ್ ಬಿಸಾಕಿ ಓಡುತ್ತಿದ್ದೆ. ನಿಂತಿರುವವಳು ಅಮ್ಮ ತಾನೇ ಎಂದು ಮೂರನೆಯದನ್ನು ಹೊಡೆದೆ.