ಬಂದೆ, ಇರಿ

ಮಾರ್ಚ್ ೪, ಸೋಮವಾರ

ಪೂಜ್ಯ ಅಕ್ಕನವರಿಗೆ,

ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನೀವೂ ಕ್ಷೇಮವಾಗಿದ್ದೀರೆಂದು ನಿಮ್ಮ ಮಗಳು ಫೋನಿನಲ್ಲಿ ನನ್ನ ಮಗನಿಗೆ ಹೇಳಿದ್ದಾಳೆ. ಹಾಗಾದರೆ ನಿಮ್ಮ ಕೈಗೆ ಏನೂ ಆಗಿಲ್ಲ, ಕಣ್ಣಿಗೆ ಏನೂ ಆಗಿಲ್ಲ, ಪೆನ್ನು ಹಿಡಿಯುವುದಕ್ಕೆ ಮಾತ್ರ ಪುರಸೊತ್ತಿಲ್ಲ ಎಂದು ತಿಳಿದುಕೊಂಡಿದ್ದೇನೆ.

ನಿಮ್ಮನ್ನು ಯಾಕೆ 'ನೀವು' ಅನ್ನುತ್ತಿದ್ದೇನೆ ಎಂದು ನಿಮಗೆ ಚೆನ್ನಾಗಿ ಗೊತ್ತು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಗಲಿಸಿಕೊಂಡು ಬದುಕಿದ ಮೇಲೆ, ಸಿಟ್ಟು ಬಂದಾಗ ಮಾತ್ರ ನನ್ನ ಬಾಯಿಂದ 'ನೀವು' ಬರುವುದು. ಚಳಿಗಾಲ ಮುಗಿಯಿತು, ಫ್ಯಾನು ಹಾಕುವ ಕಾಲ ಬಂತು. ನಾನು ಬರೆದ ಒಂದು ಕಾಗದಕ್ಕೂ ಉತ್ತರವಿಲ್ಲ. ಅಂಚೆಯವನು ಬಾಗಿಲ ಬೆಲ್ಲು ಒತ್ತುತ್ತಾನೆ. ನಾನು ಒಬ್ಬಳೇ ಇದ್ದಾಗ ಬೆಲ್ಲಿಗೆ ಏಳಕೂಡದು ಎಂದು ಮಗನ ಆಜ್ಞೆ. ಹಾಗಾಗಿ ಅಂಚೆಯವನು ಕರೆಂಟ್ ಬಿಲ್ಲನ್ನು ಬಾಗಿಲ ಕೆಳಗೆ ತೂರಿಸಿ, ಕಿಟಕಿಯ ಹತ್ತಿರ ಬಂದು, ನಿಮ್ಮ ಅಕ್ಕಂದು ಇವತ್ತೂ ಇಲ್ಲಮ್ಮ ಅನ್ನುತ್ತಾನೆ. ತಪ್ಪೆಲ್ಲ ಅವನದೇ ಎಂಬಂತೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾನೆ, ಪಾಪ.

ಫೋನು ಮಾಡೋಣವೆಂದರೆ ನಿಮ್ಮ ಕಿವಿಯ ಕಥೆ ಗೊತ್ತೇ ಇದೆ. ನೀವು ಆ ಕಡೆಯಿಂದ ಆಂ, ಆಂ ಅನ್ನುವುದು, ನಾನು ಈ ಕಡೆಯಿಂದ ಕಿರುಚುವುದು. ಕಳೆದ ಸಲ ನಾನು ಊಟ ಆಯ್ತಾ ಎಂದು ಕೇಳಿದ್ದನ್ನೇ ಪಕ್ಕದ ಮನೆಯವರು ಜಗಳವೆಂದುಕೊಂಡು ಬಂದು ವಿಚಾರಿಸಿಕೊಂಡು ಹೋದರು.

ನಾನು ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಹಿಂದೆಯೇ ಬರೆದಿದ್ದೆ. ಎಡಗೈ ಮಣಿಕಟ್ಟಿನ ಪಟ್ಟಿ ಬಿಚ್ಚಿದ್ದಾರೆ. ಸೊಂಟ ಉಳಿದದ್ದು ನನ್ನ ಪುಣ್ಯ. ಇನ್ನೊಮ್ಮೆ ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಮಗನನ್ನು ನೋಡಿ ಹೇಳಿದರು. ಬಿದ್ದವಳು ನಾನು, ಹೇಳಿದ್ದು ಅವನಿಗೆ! ಅಂದಿನಿಂದ ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸುವುದಕ್ಕೆ ಒಬ್ಬಳು ಫಿಸಿಯೋ ಹುಡುಗಿ ಮನೆಗೆ ಬರುತ್ತಾಳೆ. ನಾನು ಅವಳಿಗೆ ಹೆಡ್‌ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಎದುರಿಗೇ ಹಾಗೆ ಕರೆಯುತ್ತೇನೆ, ಅವಳೂ ನಗುತ್ತಾಳೆ.

ಮೊದಲನೆಯ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು ಎದ್ದೇಳಿ ಅಂದಳು. ಏಳುವುದಕ್ಕೆ ಹೋದರೆ ಕುರ್ಚಿ ನನ್ನನ್ನು ಬಿಡಬೇಕಲ್ಲ! ನಾನು ಒಂದು ಸಲ ಏಳಬೇಕಾದರೆ ಅಯ್ಯೋ, ಅಮ್ಮಾ, ದೇವರೇ ಎಂದು ಎಷ್ಟು ಜನರನ್ನು ಕರೆಯುತ್ತೇನೆಂದು ಆಗಲೇ ಗೊತ್ತಾದದ್ದು. ಯಾರನ್ನೂ ಕರೀಬೇಡಿ ಅಜ್ಜಿ, ಪಾದ ಹಿಂದಕ್ಕೆ ಎಳ್ಕೊಳ್ಳಿ, ಮೂಗು ಮುಂದಕ್ಕೆ ತನ್ನಿ, ಮಿಕ್ಕಿದ್ದು ತಾನಾಗೇ ಏಳುತ್ತೆ ಅಂದಳು. ನಿಜ ಹೇಳುತ್ತೇನೆ, ಎದ್ದಿತು.

ಆಮೇಲೆ ನನ್ನ ಚಪ್ಪಲಿಯ ಮೇಲೆ ಅವಳ ಕಣ್ಣು ಬಿತ್ತು. ಇದು ನಿಮ್ಮ ಅಳತೆಯದಲ್ಲ, ಹಿಮ್ಮಡಿ ಲೊಡಲೊಡ ಅನ್ನುತ್ತೆ, ಇದನ್ನ ಹಾಕ್ಕೊಂಡೇ ನೀವು ಬಿದ್ದಿರೋದು ಎಂದು ಬೈದಳು. ಯಾರ ಅಳತೆಯದೆಂದು ನಾನು ಹೇಳಲಿಲ್ಲ. ನಮ್ಮ ಹಳೇ ಮನೆ ಖಾಲಿ ಮಾಡಿದ ದಿನ ಎಸೆಯಲೆಂದು ನೀವು ಬಾಗಿಲ ಪಕ್ಕ ಇಟ್ಟಿದ್ದ ಜೋಡಿ ಅದು. ಈಗ ಹಿಮ್ಮಡಿಗೆ ಪಟ್ಟಿಯಿರುವ ಹೊಸದನ್ನು ಮಗ ತಂದುಕೊಟ್ಟಿದ್ದಾನೆ. ಹಳೆಯದು ಸ್ಟ್ಯಾಂಡಿನಲ್ಲೇ ಇದೆ. ಹಾಕಿಕೊಳ್ಳುವುದಿಲ್ಲ, ಇರಲಿ ಅಂತ ಇಟ್ಟಿದ್ದೇನೆ.

ದಿನಾ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒಂದು ಬೆರಳು ತಾಗಿಸಿಕೊಂಡು ಒಂಟಿಕಾಲಿನಲ್ಲಿ ನಿಲ್ಲಬೇಕು. ಎದುರಿಗೆ ಒಂದು ಕಡೆ ದೃಷ್ಟಿ ನೆಟ್ಟರೆ ವಾಲುವುದಿಲ್ಲವಂತೆ. ಗೋಡೆಯ ಮೇಲಿನ ಗಡಿಯಾರ ನೋಡಿ ಅನ್ನುತ್ತಾಳೆ. ನನ್ನ ಕಣ್ಣು ಮಾತ್ರ ಎಡಗಡೆಗೇ ಹೋಗುತ್ತದೆ. ಹಳೇ ಮನೆಯಲ್ಲಿ ಆ ಕಡೆ ಒಲೆಯ ಮುಂದೆ ನೀನು ನಿಂತಿರುತ್ತಿದ್ದೆ, ನಾನು ಬಲಗಡೆ ತೊಟ್ಟಿಯ ಹತ್ತಿರ. ಆ ಇಕ್ಕಟ್ಟಿನಲ್ಲಿ ಕುದಿಯುವ ಪಾತ್ರೆ ಹಿಡಿದು ತಿರುಗಿದರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದವರಲ್ಲ ನಾವು. ಈ ಅಡುಗೆಮನೆ ಅದರ ಎರಡರಷ್ಟಿದೆ, ಆದರೂ ನಾನು ಬಲಗಡೆಗೇ ಒತ್ತರಿಸಿಕೊಂಡು ನಿಲ್ಲುತ್ತೇನೆ. ಅಷ್ಟೊಂದು ಜಾಗ ಯಾರಿಗೆ ಬಿಟ್ಟಿದ್ದೀರಿ ಎಂದು ಸೊಸೆ ಕೇಳಿದಳು.

ನೋಡು, ಸಿಟ್ಟಿನಲ್ಲಿ ಶುರು ಮಾಡಿದವಳು 'ನೀನು' ಅಂದುಬಿಟ್ಟೆ. ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ಸಿಟ್ಟು ಹೋಗಿದೆ ಎಂದು ಮಾತ್ರ ತಿಳಿಯಬೇಡ. ಮಿಕ್ಕಿದ್ದನ್ನು ನಾಳೆ ಬರೆಯುತ್ತೇನೆ.

ಮಾರ್ಚ್ ೭, ಗುರುವಾರ

ಅಕ್ಕಾ,

ಇವತ್ತು ಹೆಡ್‌ಮೇಷ್ಟ್ರು ಹೊಸ ಪಾಠ ತೆಗೆದಳು. ಬಿದ್ದರೆ ಏಳುವುದು ಹೇಗೆ ಎಂಬ ಪಾಠ. ಬೀಳದಂತೆ ಕಲಿಸುತ್ತೇನೆಂದು ಬಂದವಳು ಬೀಳುವುದನ್ನೇ ಕಲಿಸುತ್ತೀಯಲ್ಲ ಎಂದು ರೇಗಿಸಿದೆ. ಬಿದ್ರೂ ಏಳಬಲ್ಲೆ ಅಂತ ಗೊತ್ತಿದ್ರೆ ಭಯ ಹೋಗುತ್ತೆ, ಭಯ ಹೋದ್ರೆ ಬೀಳೋದೂ ಕಡಿಮೆ ಆಗುತ್ತೆ ಅಂದಳು. ನಡುಮನೆಯಿಂದ ಬಾಗಿಲಿಗೆ ಹೋಗುವ ಓಣಿಯಲ್ಲಿ ದಪ್ಪ ಚಾಪೆ ಹಾಸಿ ನನ್ನನ್ನು ಮಲಗಿಸಿದಳು. ಪಕ್ಕಕ್ಕೆ ಹೊರಳಬೇಕು, ಮಗುವಿನ ಹಾಗೆ ಅಂಬೆಗಾಲಿಟ್ಟು ಕುರ್ಚಿಯ ತನಕ ಹೋಗಬೇಕು, ಕುರ್ಚಿಯ ಮೇಲೆ ಕೈ ಊರಿ ಒಂದು ಕಾಲನ್ನು ಮುಂದಿಟ್ಟು ಏಳಬೇಕು. ನನ್ನ ಎಡಗೈ ಇನ್ನೂ ಹಟ ಮಾಡುತ್ತದಾದ್ದರಿಂದ ಆ ಕಡೆ ಮುಷ್ಟಿಯ ಮೇಲೆ ಭಾರ ಹಾಕಿ ಅಂದಳು.

ನಾನು ಹೊರಳಿದೆ. ಹೊರಳಿದವಳಿಗೆ ಬಾಗಿಲ ಕೆಳಗಿನ ಸಂದು ಕಂಡಿತು. ಅಷ್ಟೇ ನೋಡು, ದುಃಖ ಒತ್ತರಿಸಿಕೊಂಡು ಬಂತು. ಕೈ ನೋಯ್ತಾ ಅಜ್ಜಿ ಎಂದು ಅವಳು ಗಾಬರಿಯಾದಳು. ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದ ಮಗ ಟೀ ಲೋಟ ಹಿಡಿದುಕೊಂಡೇ ಓಡಿ ಬಂದ.

ಅಕ್ಕಾ, ನಾನು ಬಿದ್ದದ್ದು ಬಚ್ಚಲಲ್ಲಿ ಅಲ್ಲ. ಆ ಓಣಿಯಲ್ಲಿ. ಮಧ್ಯಾಹ್ನ ಕುರ್ಚಿಯಲ್ಲಿ ಜೊಂಪು ಹತ್ತಿತ್ತು. ಅಂಚೆಯವನ ಬೆಲ್ಲು ಕೇಳಿಸಿತು. ನಿನ್ನ ಕಾಗದ ಬರುವ ದಿನ ಅದು. ದಡಬಡಿಸಿ ಎದ್ದು, ನಿನ್ನದೇ ಚಪ್ಪಲಿ ಮೆಟ್ಟಿಕೊಂಡು ಓಡಿದೆ, ತಿರುವಿನಲ್ಲಿ ಕಾಲು ತೊಡರಿತು. ಬಾಗಿಲ ಕೆಳಗಿಂದ ನಿನ್ನ ಕಾಗದ ಒಳಗೆ ಬಂತು. ಕವರಿನ ಮೇಲೆ ನಿನ್ನ ದುಂಡು ಅಕ್ಷರದಲ್ಲಿ ನನ್ನ ಹೆಸರು ಕಾಣುತ್ತಿತ್ತು. ಕೈ ಚಾಚಿದರೂ ಎಟುಕುತ್ತಿರಲಿಲ್ಲ. ಸಂಜೆ ಮಗ ಬಂದು ಬಾಗಿಲು ತೆಗೆಯುವವರೆಗೂ ನಾನು ಅದನ್ನೇ ನೋಡುತ್ತಾ ಬಿದ್ದಿದ್ದೆ. ಆಸ್ಪತ್ರೆಯಲ್ಲಿ ಓದಿಸಿಕೊಂಡೆ. ಏನು ಬರೆದಿದ್ದೆ ನೆನಪಿದೆಯಾ ನಿನಗೆ? ಹೊಸ ಪರದೆ ಒಗೆದರೆ ಗೇಣುದ್ದ ಕುಗ್ಗಿಹೋಯಿತು, ಅಂಗಡಿಯವನು ಮೋಸಗಾರ ಎಂದು ಎರಡು ಪುಟ! ಕೈ ಮುರಿದುಕೊಂಡದ್ದು ಪರದೆಯ ಕಥೆಗಾಗಿ. ನೋವಿನಲ್ಲೂ ನಗು ಬಂದಿತ್ತು.

ನಿನಗೆ ಇದು ಗೊತ್ತಾದರೆ ನೊಂದುಕೊಳ್ಳುತ್ತೀಯ ಎಂದು ಬಚ್ಚಲಿನ ಸುಳ್ಳು ಹೇಳಿದ್ದು. ಸೋಮವಾರವೂ ಅದನ್ನೇ ಬರೆದಿದ್ದೇನೆ, ಹಾಗೇ ಇರಲಿ.

ಅಳು ನಿಂತ ಮೇಲೆ ಹೆಡ್‌ಮೇಷ್ಟ್ರು ನನ್ನ ಪಕ್ಕ ಚಾಪೆಯ ಮೇಲೆ ಕೂತು, ಇಷ್ಟೆಲ್ಲ ಕಸರತ್ತು ಮಾಡ್ತಿದ್ದೀರಲ್ಲ, ನಿಮಗೆ ಏನು ಮಾಡೋ ಹಾಗಾಗಬೇಕು ಹೇಳಿ ಅಂದಳು. ಕೆಲವರು ಮೆಟ್ಟಿಲು ಹತ್ತಬೇಕು ಅನ್ನುತ್ತಾರಂತೆ, ಕೆಲವರು ಪಾರ್ಕಿಗೆ ಹೋಗಬೇಕು ಅನ್ನುತ್ತಾರಂತೆ. ಬೆಲ್ಲು ಆದಾಗ ನಾನೇ ಬಾಗಿಲಿಗೆ ಹೋಗಿ ನಮ್ಮಕ್ಕನ ಕಾಗದ ಇಸಕೋಬೇಕು, ಬೇರೇನೂ ಬೇಡ ಅಂದೆ.

ಮಗ ಎಡಗಿವಿ ಎಳೆದುಕೊಳ್ಳತೊಡಗಿದ. ಚಿಕ್ಕಂದಿನಲ್ಲಿ ನಿನ್ನ ಡಬ್ಬಿಯಿಂದ ಸಕ್ಕರೆ ಕದ್ದಾಗ ಎಳೆದುಕೊಳ್ಳುತ್ತಿದ್ದನಲ್ಲ, ಥೇಟ್ ಹಾಗೇ. ಏನೋ ಅದು ಎಂದು ಗದರಿದೆ. ಆಗ ಬಾಯಿ ಬಿಟ್ಟ. ನಾನು ಬಿದ್ದ ವಾರವೇ ನಿನ್ನ ಮಗಳಿಗೆ ಫೋನು ಮಾಡಿ, ದೊಡ್ಡಮ್ಮನ ಕಾಗದ ಬಂತು ಅಂತ ಓಡಿ ಅಮ್ಮ ಬಿದ್ಲು ಅಂದಿದ್ದನಂತೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ನಿನಗೆ ಹೇಳಿದಳು. ನೀನು ಅವತ್ತಿನಿಂದ ಕಾಗದ ಹಾಕುವುದನ್ನೇ ನಿಲ್ಲಿಸಿದೆ.

ಅಲ್ಲ ಅಕ್ಕಾ, ನಿನಗೆ ಬುದ್ಧಿ ಇದೆಯಾ? ಕಾಗದ ಬರದಿದ್ದರೆ ನಾನು ಓಡುವುದಿಲ್ಲ, ಓಡದಿದ್ದರೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆಯಾ? ನೀನು ನನ್ನನ್ನು ಮರೆತೆ, ಮಗಳ ಮನೆಯ ಸುಖದಲ್ಲಿ ತಂಗಿ ಬೇಡವಾದಳು ಎಂದು ನಾನು ಇಡೀ ಚಳಿಗಾಲ ಕೊರಗಿದ್ದೇನೆ. ಅದರ ಮುಂದೆ ಕೈ ಮುರಿದದ್ದು ಏನೂ ಅಲ್ಲ. ಇನ್ನು ಬರೆಯಲಾರೆ, ಅಕ್ಷರ ಮಂಜಾಗುತ್ತಿದೆ.

ಮಾರ್ಚ್ ೧೯, ಮಂಗಳವಾರ

ಪ್ರೀತಿಯ ಅಕ್ಕ,

ಇಷ್ಟು ದಿನ ಕಾಗದವನ್ನು ಹಾಕದೆ ಯಾಕೆ ಇಟ್ಟುಕೊಂಡಿದ್ದೆ ಗೊತ್ತಾ? ಬರೀ ಬಾಯಿ ಮಾತಿನಲ್ಲಿ ಇನ್ನು ಬೀಳುವುದಿಲ್ಲ ಅಂದರೆ ನೀನು ನಂಬುವವಳಲ್ಲ. ಮಾಡಿ ತೋರಿಸಿಯೇ ಬರೆಯಬೇಕು ಎಂದು ಹಟ ಹಿಡಿದೆ.

ಹೆಡ್‌ಮೇಷ್ಟ್ರು ಈಗ ಬೆಲ್ಲಿನ ಪಾಠವನ್ನೇ ಮಾಡಿಸುತ್ತಾಳೆ. ತಾನು ಹೊರಗೆ ನಿಂತು ಬೆಲ್ಲು ಒತ್ತುತ್ತಾಳೆ, ಮಗ ನನ್ನ ಬೆನ್ನ ಹಿಂದೆ ಕಾವಲು. ಬೆಲ್ಲು ಆದೊಡನೆ ಏಳಕೂಡದು. ಎರಡೂ ಪಾದ ನೆಲಕ್ಕೆ ಊರಬೇಕು, ಮೂಗು ಮುಂದಕ್ಕೆ, ಎದ್ದ ಮೇಲೆ ತಲೆ ಸುತ್ತು ಇದೆಯೋ ಎಂದು ನೋಡಿಕೊಂಡು ನಿಲ್ಲಬೇಕು, ಆಮೇಲೆ ಹೆಜ್ಜೆ. ತಿರುವಿನಲ್ಲಿ ಗರಕ್ಕನೆ ತಿರುಗಕೂಡದು, ಪುಟ್ಟ ಪುಟ್ಟ ಹೆಜ್ಜೆ ಹಾಕಬೇಕು.

ಅದೆಲ್ಲ ಕಲಿತೆ. ಆದರೆ ಒಂದರಲ್ಲಿ ಸೋತೆ ನೋಡು. ಅಂಚೆಯವನು ಕಾಯಬೇಕಾದರೆ 'ಬಂದೆ, ಇರಿ' ಎಂದು ಕೂಗಬೇಕಲ್ಲ? ನಾನು ಬಂದೆ ಅಂದೊಡನೆ ನಿಂತುಬಿಡುತ್ತಿದ್ದೆ! ನಡೆದರೆ ಮಾತಿಲ್ಲ, ಮಾತಾಡಿದರೆ ನಡಿಗೆಯಿಲ್ಲ. ಮಾತಾಡೋಕೆ ನಿಂತ್ಕೊಳ್ಳೋರೇ ಹೆಚ್ಚು ಬೀಳೋದು ಅಜ್ಜಿ, ಇದೇ ನಮಗೆ ಸುಳಿವು ಅಂದಳು ಅವಳು. ನನಗೆ ಅವಮಾನವಾಯಿತು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ನೀರಿನ ಬಿಂದಿಗೆ, ಬಾಯಲ್ಲಿ ಅತ್ತೆಯ ಮೇಲಿನ ದೂರು, ಮೂರನ್ನೂ ಒಟ್ಟಿಗೆ ಹೊತ್ತು ಓಡಾಡಿದವರು ನಾವು. ಎಲ್ಲಿ ಹೋಯಿತು ಅದು?

ಯೋಚಿಸಿ ನೋಡಿದರೆ ನಿನ್ನ ಜೊತೆಯೇ ಹೋಗಿದೆ. ಈ ಮನೆಯಲ್ಲಿ ಒಂದು ಮಾತು ಆಡಬೇಕಾದರೆ ನಾನು ನಿಂತು, ಮಗ ಸೊಸೆ ಫೋನಿನಿಂದ ತಲೆ ಎತ್ತುವವರೆಗೆ ಕಾದು, ಆಮೇಲೆ ಆಡಬೇಕು. ಒಳ್ಳೆಯವರೇ, ಎತ್ತಿದ ಮೇಲೆ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮಾತಾಡುತ್ತಾ ನಡೆಯುವ ಅಭ್ಯಾಸ ಕಾಲಿಗೆ ತಪ್ಪಿಹೋಗಿದೆ. ಇದನ್ನು ಹೆಡ್‌ಮೇಷ್ಟ್ರಿಗೆ ಹೇಳಿದೆ. ಹಾಗಾದ್ರೆ ನಿಮ್ಮಕ್ಕ ಪಕ್ಕದಲ್ಲೇ ಇದ್ದಾರೆ ಅಂದ್ಕೊಂಡು ಮಾತಾಡ್ತಾ ನಡೀರಿ ಅಂದಳು. ಮೊದಲು ನಾಚಿಕೆಯಾಯಿತು. ಆಮೇಲೆ ಪರದೆ ಅಂಗಡಿಯವನಿಂದ ಶುರು ಮಾಡಿದೆ ನೋಡು, ಅವನ ವಂಶವನ್ನೆಲ್ಲ ಜಾಲಾಡಿ ಮುಗಿಸುವಷ್ಟರಲ್ಲಿ ಓಣಿ ದಾಟಿ ಬಾಗಿಲ ಚಿಲಕ ಹಿಡಿದಿದ್ದೆ. ಮಗ ಹಿಂದಿನಿಂದ ಚಪ್ಪಾಳೆ ತಟ್ಟಿದ.

ಇವತ್ತು ಮಧ್ಯಾಹ್ನ ನಿಜವಾದ ಬೆಲ್ಲು ಆಯಿತು. ಏಳಬಹುದೆಂದು ಹೆಡ್‌ಮೇಷ್ಟ್ರು ಕಳೆದ ಪಾಠದಲ್ಲೇ ಅಪ್ಪಣೆ ಕೊಟ್ಟಿದ್ದಳು. ಮನೆಯಲ್ಲಿ ನಾನೊಬ್ಬಳೇ. ಪಾದ ಊರಿದೆ, ಎದ್ದೆ, ನಿಂತೆ. ಬಂದೆ, ಇರಿ ಎಂದು ಕೂಗುತ್ತಾ ಹೊರಟೆ. ನಿಲ್ಲಲಿಲ್ಲ ಅಕ್ಕಾ, ಗೋಡೆಯನ್ನೂ ಹಿಡಿಯಲಿಲ್ಲ. ಬಾಗಿಲು ತೆಗೆದರೆ ಅಂಚೆಯವನು ಚೀಲ ಕೆಳಗಿಟ್ಟು ಕಾಯುತ್ತಿದ್ದಾನೆ. ನಿಧಾನಮ್ಮ, ನನಗೇನೂ ಅವಸರ ಇಲ್ಲ ಅಂದ. ಅವನ ಕೈಯಲ್ಲಿದ್ದದ್ದು ನೀರಿನ ಬಿಲ್ಲು. ನಾನು ಅದನ್ನು ಎದೆಗೆ ಒತ್ತಿಕೊಂಡು ನಕ್ಕೆ. ನೀರಿನ ಬಿಲ್ಲಿಗೆ ಇಷ್ಟು ಖುಷಿಪಟ್ಟವರನ್ನು ಅವನು ಕಂಡಿರಲಿಕ್ಕಿಲ್ಲ.

ಒಳಗೆ ಬಂದು ಕೂತ ಮೇಲೆ ಮಾತ್ರ ಮನಸ್ಸು ಖಾಲಿ ಖಾಲಿ ಅನ್ನಿಸಿತು. ಬಾಗಿಲಿನವರೆಗೆ ಹೋಗುವುದನ್ನು ಕಲಿತೆ, ಅಲ್ಲಿ ಇಸಕೊಳ್ಳುವುದಕ್ಕೆ ನಿನ್ನದೇನೂ ಇಲ್ಲ. ಬರಿ ಅಕ್ಕಾ. ಪರದೆಯದಾದರೂ ಸರಿ, ಸೊಳ್ಳೆಯದಾದರೂ ಸರಿ. ನಿನ್ನ ಅಕ್ಷರ ನೋಡದೆ ನನಗೆ ಆಗುತ್ತಿಲ್ಲ. ನಾನು ಇನ್ನು ಓಡುವುದಿಲ್ಲ, ನಿನ್ನಾಣೆ.

ಇಂತಿ,
ನಿನ್ನ ಬಲಗಡೆಯವಳು,
ತಂಗಿ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡದ್ದು: ಸಂಜೆ ಮಗನ ಕೈಯಲ್ಲಿ ನಿನ್ನ ಮಗಳಿಗೆ ಫೋನು ಮಾಡಿಸಿದೆ. ನಿನ್ನ ಗುಟ್ಟು ರಟ್ಟಾಯಿತು. ನೀನು ಬರೆಯುವುದನ್ನು ನಿಲ್ಲಿಸಿಯೇ ಇಲ್ಲವಂತೆ. ಬರೆದು, ಕವರಿಗೆ ಹಾಕಿ, ಸ್ಟಾಂಪೂ ಅಂಟಿಸಿ, ಕಪಾಟಿನಲ್ಲಿ ಆ ಕುಗ್ಗಿದ ಪರದೆಯ ಕೆಳಗೆ ಪೇರಿಸಿ ಇಟ್ಟಿದ್ದೀಯಂತೆ. ಎಲ್ಲವನ್ನೂ ಒಟ್ಟಿಗೆ ಕಳಿಸಿಬಿಡಬೇಡ. ಒಂದೊಂದಾಗಿ ಅಂಚೆ ಡಬ್ಬಿಗೆ ಹಾಕು. ಒಂದೊಂದಕ್ಕೂ ನಾನು ಬಾಗಿಲಿನವರೆಗೆ ನಡೆದುಕೊಂಡು ಹೋಗಬೇಕು.